ನಡುಮನೆಗೆ ಬಂದ ಪೆಂಗ್ವಿನ್

ನಮ್ಮ ಮನೆಯ ಟಿ.ವಿ. ದೊಡ್ಡದಾಗುತ್ತ ಹೋದಂತೆ ಅದನ್ನು ಹಚ್ಚಿ ನೋಡುವ ಕೆಲಸ ಕಷ್ಟವಾಗುತ್ತ ಬಂತು. ಹಿಂದಿನ ಡಬ್ಬದಂಥ ಟಿ.ವಿ.ಗೆ ಒಂದು ಗುಂಡಿ. ಒತ್ತಿದರೆ ಬರುತ್ತಿತ್ತು, ಬರದಿದ್ದರೆ ತಲೆಯ ಮೇಲೊಂದು ತಟ್ಟಿದರೆ ಬರುತ್ತಿತ್ತು. ಈಗ ಟೀಪಾಯಿಯ ಮೇಲೆ ಮೂರು ರಿಮೋಟ್‌ಗಳಿವೆ. ಒಂದು ಟಿ.ವಿ.ಯದು, ಇನ್ನೊಂದು ಡಿಶ್‌ನದು. ಮೂರನೆಯದು ಯಾವುದರದ್ದೆಂದು ಯಾರಿಗೂ ಗೊತ್ತಿಲ್ಲ, ಎಸೆಯಲು ಧೈರ್ಯವೂ ಇಲ್ಲ.

ನನ್ನ ಹೆಂಡತಿಗೆ ಈ ಟಿ.ವಿ.ಯಲ್ಲಿ ನೋಡಬೇಕಾಗಿದ್ದುದು ಧಾರಾವಾಹಿಯಲ್ಲ, ಸಿನಿಮಾವೂ ಅಲ್ಲ. 1993ರಲ್ಲಿ ನಡೆದ ಅವಳ ತಂಗಿಯ ಮದುವೆಯ ವಿಡಿಯೊ. ಅದರಲ್ಲಿ ನಮ್ಮ ಅತ್ತೆಯವರು ಮದುಮಕ್ಕಳನ್ನು ಹಸೆಗೆ ಕರೆಯುವ ಹಾಡು ಹೇಳಿದ್ದಾರೆ. ನಾಲ್ಕು ನಿಮಿಷದ ಹಾಡು. ಅತ್ತೆಯವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ದನಿ ಉಳಿದಿರುವುದು ಆ ನಾಲ್ಕು ನಿಮಿಷದಲ್ಲಿ ಮಾತ್ರ.

ಮೂಲ ಕ್ಯಾಸೆಟ್ಟನ್ನು ಸಾಗರದ ಮಳೆ ತಿಂದುಹಾಕಿತು. ಮಲೆನಾಡಿನ ಮನೆಗಳಲ್ಲಿ ವಿಡಿಯೊ ಕ್ಯಾಸೆಟ್ ಇಟ್ಟವರಿಗೆಲ್ಲ ಗೊತ್ತು, ಒಳಗಿನ ಟೇಪಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಪುಣ್ಯಕ್ಕೆ ಅದಕ್ಕೂ ಮೊದಲೇ ಸ್ಟುಡಿಯೊದಲ್ಲಿ ಕೊಟ್ಟು ಡಿ.ವಿ.ಡಿ. ಮಾಡಿಸಿದ್ದೆವು. ಮಗ ಅದನ್ನು ತನ್ನ ಕಂಪ್ಯೂಟರಿಗೆ ತುಂಬಿಕೊಂಡಿದ್ದ. ಆಮೇಲೆ ಡಿ.ವಿ.ಡಿ. ಗೀರು ಬಿದ್ದು ಕೆಟ್ಟಿತು, ಮಗ ಬೆಂಗಳೂರು ಸೇರಿದ, ಕಂಪ್ಯೂಟರ್ ಅಟ್ಟ ಸೇರಿತು.

ಮೊಮ್ಮಕ್ಕಳು ರಜೆಗೆ ಬಂದಾಗ ಯಾರಾದರೂ ಅದನ್ನು ಇಳಿಸಿ, ಧೂಳು ಕೊಡವಿ, ವೈರು ಜೋಡಿಸಿ ತೋರಿಸಬೇಕು. ಅಷ್ಟು ಹೊತ್ತಿಗೆ ಅವಳಿಗೇ ಸಂಕೋಚ. “ಬಿಡ್ರೋ, ಪಾಪ, ನಿಮ್ಮ ಆಟ ಹಾಳು” ಅನ್ನುತ್ತಿದ್ದಳು. ತನ್ನ ಅಮ್ಮನ ದನಿ ಕೇಳಲು ಪ್ರತಿ ಸಲ ಇನ್ನೊಬ್ಬರನ್ನು ಬೇಡಬೇಕಲ್ಲ ಎಂಬುದು ಅವಳ ನೋವು.

ಹೋದ ದಸರಾ ರಜೆಗೆ ಒಂಬತ್ತನೇ ತರಗತಿಯ ಮೊಮ್ಮಗ, ಐದನೇ ತರಗತಿಯ ಮೊಮ್ಮಗಳು ಬಂದಾಗ ಈ ಮಾತು ಎದ್ದಿತು.

“ಅಜ್ಜ, ಆ ಕಂಪ್ಯೂಟರನ್ನ ಟಿ.ವಿ.ಗೇ ಸೇರಿಸಿ ಇಟ್ಟುಬಿಡೋಣ. ಲಿನಕ್ಸ್ ಹಾಕಿದ್ರೆ ಹಳೇದಾದ್ರೂ ಓಡತ್ತೆ” ಅಂದ ಮೊಮ್ಮಗ.

“ಓಡೋದು ಬೇಡ ಮಾರಾಯ. ಕೂತಲ್ಲೇ ಕೂತು ಕೆಲಸ ಮಾಡಿದರೆ ಸಾಕು” ಅಂದೆ.

ಉಪ್ಪಿನಕಾಯಿಯ ಜೊತೆಗೆ ಅಳತೆಯೂ

ಮಕ್ಕಳಿಗೆ ಗೊತ್ತಿರುತ್ತದೆ. ನನ್ನ ವಯಸ್ಸಿನ ಓದುಗರಿಗಾಗಿ ಲಿನಕ್ಸ್ ಎಂದರೇನೆಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನ ಯಂತ್ರಭಾಗಗಳನ್ನೆಲ್ಲ ಒಂದು ಹದಕ್ಕೆ ತಂದು ಕೆಲಸ ಮಾಡಿಸುವ ತಿರುಳು ತಂತ್ರಾಂಶ ಅದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಇದನ್ನು ಬರೆಯಲು ತೊಡಗಿದರು. ಆಗ ಅವರಿಗೆ 21 ವರ್ಷ. ಅದರ ಗುರುತು ಟಕ್ಸ್ ಎಂಬ ಗುಂಡಗಿನ ಪೆಂಗ್ವಿನ್. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಳಗೂ ಇರುವುದು ಇದೇ ತಿರುಳು.

ಲಿನಕ್ಸಿನ ವಿಶೇಷವೆಂದರೆ ಅದು ಮುಕ್ತ ತಂತ್ರಾಂಶ. ನಮ್ಮೂರ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಕೊಡುವವರಲ್ಲಿ ಎರಡು ಬಗೆ. ಕೆಲವರು ಭರಣಿ ಮಾತ್ರ ಕೊಡುತ್ತಾರೆ. ಇನ್ನು ಕೆಲವರು ಭರಣಿಯ ಜೊತೆಗೆ ಉಪ್ಪೆಷ್ಟು, ಸಾಸಿವೆಯೆಷ್ಟು ಎಂಬ ಅಳತೆಯನ್ನೂ ಬರೆದುಕೊಟ್ಟು, “ನಿಮಗೆ ಬೇಕಾದ ಹಾಗೆ ಖಾರ ಬದಲಾಯಿಸಿಕೊಳ್ಳಿ, ಬೇರೆಯವರಿಗೂ ಕೊಡಿ” ಅನ್ನುತ್ತಾರೆ. ಲಿನಕ್ಸ್ ಎರಡನೆಯ ಬಗೆ. ಹೀಗೆ ಖಾರ ಬದಲಾಯಿಸಿಕೊಂಡವರು ಜಗತ್ತಿನ ತುಂಬ ಇರುವುದರಿಂದ ಲಿನಕ್ಸಿನಲ್ಲಿ ನೂರಾರು ರುಚಿಗಳಿವೆ. ಕನ್ನಡಕ್ಕಾಗಿಯೇ ಮಾಡಿದ ಎರಡು ಮುಕ್ತ ಅಕ್ಷರಶೈಲಿಗಳೂ ಅಲ್ಲಿ ಸಿಗುತ್ತವೆ. ಒಂದರ ಹೆಸರು ಗುಬ್ಬಿ, ಇನ್ನೊಂದರ ಹೆಸರು ನವಿಲು. ಪೆಂಗ್ವಿನ್ನಿನ ಗೂಡಿನಲ್ಲಿ ನಮ್ಮ ಗುಬ್ಬಿಗೂ ನವಿಲಿಗೂ ಜಾಗ ಇದೆಯೆಂದು ಕೇಳಿ ಮೊಮ್ಮಗಳಿಗೆ ಖುಷಿಯೋ ಖುಷಿ.

ಆದರೆ ನೂರಾರು ರುಚಿ ಇದೆ ಅಂದಮೇಲೆ ಆರಿಸುವುದು ಹೇಗೆ? ನಾವು ತಪ್ಪಿದ್ದೂ ಕಲಿತದ್ದೂ ಅಲ್ಲೇ.

ಹತ್ತಡಿಯ ಲೆಕ್ಕ

ಓದುವ ಮೇಜಿನ ಮೇಲಿನ ಕಂಪ್ಯೂಟರಿಗೂ ನಮಗೂ ನಡುವೆ ಎರಡಡಿ ದೂರ. ನಡುಮನೆಯ ಟಿ.ವಿ.ಗೂ ಸೋಫಾಕ್ಕೂ ನಡುವೆ ಸುಮಾರು ಹತ್ತಡಿ. ಎರಡಡಿಯಿಂದ ಓದಲೆಂದು ಮಾಡಿದ ಅಕ್ಷರ ಹತ್ತಡಿಯಿಂದ ಇರುವೆ ಸಾಲಿನಂತೆ ಕಾಣುತ್ತದೆ. ಮೇಜಿನ ಮುಂದೆ ಕೂತವರ ಕೈಯಲ್ಲಿ ಕೀಬೋರ್ಡು, ಮೌಸು ಇರುತ್ತವೆ. ಸೋಫಾದಲ್ಲಿ ಕೂತವರ ಕೈಯಲ್ಲಿ ಕಾಫಿ ಲೋಟ. ಹೆಚ್ಚೆಂದರೆ ಇನ್ನೊಂದು ಕೈಯಲ್ಲಿ ರಿಮೋಟ್ ಇರಬಹುದು.

ಹಾಗಾಗಿ ತಂತ್ರಾಂಶ ಮಾಡುವವರು ನಡುಮನೆಯ ಪರದೆಯನ್ನು ಬೇರೆಯದೇ ಜಾತಿಯೆಂದು ನೋಡುತ್ತಾರೆ. ಅದಕ್ಕೆ ‘ಹತ್ತಡಿ ಪರದೆ’ ಎಂದೇ ಹೆಸರು. ದಪ್ಪ ಅಕ್ಷರ, ದೊಡ್ಡ ಚಿತ್ರ, ನಾಲ್ಕು ಬಾಣದ ಗುರುತು ಮತ್ತು ಒಂದು ‘ಸರಿ’ ಗುಂಡಿಯಿಂದ ಎಲ್ಲವೂ ನಡೆಯಬೇಕು. ಈ ಲೆಕ್ಕ ಮೊದಲೇ ಗೊತ್ತಿದ್ದರೆ ನಮ್ಮ ಎರಡು ದಿನ ಉಳಿಯುತ್ತಿತ್ತು.

ಮೊಮ್ಮಗಳು ಒಂದು ಪರೀಕ್ಷೆ ಹೂಡಿದಳು. ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆದಳು. ಒಂದು, ಅಜ್ಜಿ ತಾನೇ ಹಚ್ಚಿ ಮದುವೆ ವಿಡಿಯೊ ಹಾಕಬೇಕು. ಎರಡು, ಕುಕ್ಕರ್ ಕೂಗಿದಾಗ ನಿಲ್ಲಿಸಿ ಎದ್ದುಹೋಗಿ, ಬಂದು, ಬಿಟ್ಟಲ್ಲಿಂದಲೇ ನೋಡಬೇಕು. ಮೂರು, ಮುಗಿದ ಮೇಲೆ ಆರಿಸಬೇಕು. ಪರೀಕ್ಷೆ ನಡೆಯುವಾಗ ಉಳಿದವರು ಯಾರೂ ತುಟಿ ಬಿಚ್ಚುವಂತಿಲ್ಲ. ಅವಳ ಮಾತಿನಲ್ಲಿ ಹೇಳುವುದಾದರೆ, “ಇದು ಅಜ್ಜಿಗೆ ಪರೀಕ್ಷೆ ಅಲ್ಲ, ಕಂಪ್ಯೂಟರಿಗೆ ಪರೀಕ್ಷೆ.”

ಮೊದಲ ಅಭ್ಯರ್ಥಿಗಳು

ಮೊಮ್ಮಗ ಮೊದಲು ತಂದದ್ದು ಲಿನಕ್ಸ್ ಮಿಂಟ್. ಪೆನ್‌ಡ್ರೈವಿಗೆ ತುಂಬಿಕೊಂಡು ಅಲ್ಲಿಂದಲೇ ಓಡಿಸಿ ನೋಡಬಹುದು. ಕಂಪ್ಯೂಟರಿನ ಒಳಗಿನ ಡಿಸ್ಕನ್ನು ಮುಟ್ಟುವ ಅಗತ್ಯವೇ ಇಲ್ಲ. ವಿಡಿಯೊ ನೋಡಲು ವಿ.ಎಲ್.ಸಿ. ಬಳಸಿದೆವು. ಪ್ಯಾರಿಸ್ಸಿನ ಒಂದು ಕಾಲೇಜಿನಲ್ಲಿ 1996ರಲ್ಲಿ ವಿದ್ಯಾರ್ಥಿಗಳು ಆರಂಭಿಸಿದ ಕೆಲಸದಿಂದ ಹುಟ್ಟಿದ ತಂತ್ರಾಂಶ ಅದು. ಯಾವ ಬಗೆಯ ವಿಡಿಯೊ ಕೊಟ್ಟರೂ ಬಹುಮಟ್ಟಿಗೆ ಜೀರ್ಣಿಸಿಕೊಳ್ಳುತ್ತದೆ. ಓದುವ ಮೇಜಿನ ಮೇಲೆ ಇವೆರಡೂ ಬಂಗಾರದಂಥ ಜೋಡಿ.

ಅಜ್ಜಿಯ ಪರೀಕ್ಷೆ ಶುರುವಾಯಿತು. ಅವಳು ಮೌಸನ್ನು ತೊಡೆಯ ಮೇಲಿಟ್ಟು ಉಜ್ಜಿದಳು. ಸೀರೆಯ ಮೇಲೆ ಅದು ನಡೆಯಲಿಲ್ಲ. ಮಣೆ ತಂದು ಅದರ ಮೇಲಿಟ್ಟಳು. ಬಾಣ ಎಲ್ಲಿದೆಯೆಂದು ಕಾಣಲಿಲ್ಲ. ಕನ್ನಡಕ ಏರಿಸಿ ಎದ್ದು ಟಿ.ವಿ.ಯ ಹತ್ತಿರ ಹೋದಳು. ಅಲ್ಲಿಂದ ಬಾಣ ಕಂಡಿತು, ಮೌಸು ಸೋಫಾದಲ್ಲಿ ಉಳಿಯಿತು. ನಾವು ತುಟಿ ಬಿಚ್ಚಲಿಲ್ಲ, ಆದರೆ ನಗು ತಡೆಯಲೂ ಆಗಲಿಲ್ಲ. ಅವಳೂ ನಕ್ಕಳು. ಆ ನಗುವಿನ ಹಿಂದೆ ಸೋತೆನೆಂಬ ಬೇಸರ ಇದ್ದದ್ದು ನನಗೆ ಗೊತ್ತಾಯಿತು.

ತಪ್ಪು ತಂತ್ರಾಂಶದ್ದಲ್ಲ, ಅವಳದಂತೂ ಅಲ್ಲವೇ ಅಲ್ಲ. ಎರಡಡಿಯ ಸಾಮಾನನ್ನು ಹತ್ತಡಿಗೆ ತಂದವರು ನಾವು.

ಎರಡನೆಯದಾಗಿ ಮಿಥ್ ಟಿ.ವಿ.ಯ ಯೋಚನೆ ಬಂತು. 2002ರಿಂದ ಬೆಳೆದು ಬಂದಿರುವ ಲಿನಕ್ಸ್ ತಂತ್ರಾಂಶವಿದು. ಬರುತ್ತಿರುವ ಟಿ.ವಿ. ಕಾರ್ಯಕ್ರಮವನ್ನು ಹಿಡಿದಿಟ್ಟು ಬೇಕಾದಾಗ ತೋರಿಸುವುದು ಅದರ ಮುಖ್ಯ ಕೆಲಸ. ಆದರೆ ಅದಕ್ಕೆ ಕಂಪ್ಯೂಟರಿನಲ್ಲಿ ಟಿ.ವಿ. ಟ್ಯೂನರ್ ಇರಬೇಕು, ಹಿಂದೆ ಲೆಕ್ಕ ಇಡಲು ಡೇಟಾಬೇಸ್ ಕೂರಿಸಬೇಕು. ನಮ್ಮ ಮನೆಗೆ ಚಾನೆಲ್‌ಗಳು ಬರುವುದು ಡಿಶ್ ಪೆಟ್ಟಿಗೆಯ ಮೂಲಕ. ನಮಗೆ ಬೇಕಾದದ್ದು ಇರುವ ವಿಡಿಯೊ ನೋಡುವುದಷ್ಟೆ. ಚಟ್ನಿ ಅರೆಯಲು ಹಿಟ್ಟಿನ ಗಿರಣಿ ಹಾಕಿಸುವುದು ಬೇಡವೆಂದು ಕೈಬಿಟ್ಟೆವು.

ಆಟದ ಪೆಟ್ಟಿಗೆಯಿಂದ ಬಂದ ಕೋಡಿ

ಮೂರನೆಯದು ಕೋಡಿ. ಇದರ ಕಥೆ ಮಕ್ಕಳಿಗೆ ಹಿಡಿಸುತ್ತದೆ. ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯಲ್ಲಿ ವಿಡಿಯೊ ನೋಡಬಾರದೇಕೆ ಎಂದು ಯೋಚಿಸಿದ ಕೆಲವು ಹವ್ಯಾಸಿಗಳು 2002ರ ಹೊತ್ತಿಗೆ ಇದನ್ನು ಹುಟ್ಟುಹಾಕಿದರು. ಮುಂದೆ ಅದು ಆಟದ ಪೆಟ್ಟಿಗೆಯನ್ನು ಬಿಟ್ಟು ಲಿನಕ್ಸ್, ವಿಂಡೋಸ್, ಆಂಡ್ರಾಯ್ಡ್ ಎಲ್ಲ ಕಡೆ ಹಬ್ಬಿತು. 2014ರಲ್ಲಿ ಹಳೆಯ ಹೆಸರು ಬಿಟ್ಟು ಕೋಡಿ ಎಂದಾಯಿತು. ಆಟದ ಪೆಟ್ಟಿಗೆ ಇರುವುದು ಟಿ.ವಿ.ಯ ಪಕ್ಕದಲ್ಲಿ ಅಲ್ಲವೇ? ಹಾಗಾಗಿ ಕೋಡಿ ಹುಟ್ಟಿನಿಂದಲೇ ಹತ್ತಡಿಯ ಕೂಸು. ಅಕ್ಷರ ದೊಡ್ಡದು, ಬಾಣದ ಗುಂಡಿಗಳಲ್ಲೇ ಎಲ್ಲ ನಡೆಯುತ್ತದೆ.

ಮಿಂಟ್ ಒಳಗೇ ಕೋಡಿ ಹಾಕಿ ಪರೀಕ್ಷೆ ನಡೆಸಿದೆವು. ಈ ಸಲ ಅವಳು ಎದ್ದು ಹೋಗಲಿಲ್ಲ. ಆದರೆ ಸಿನಿಮಾ, ಸಂಗೀತ, ಚಿತ್ರ, ರೇಡಿಯೊ, ಹವಾಮಾನ ಎಂದು ಉದ್ದದ ಪಟ್ಟಿ ಕಂಡು, ಹವಾಮಾನದೊಳಗೆ ಹೊಕ್ಕು, ಹೊರಬರುವ ದಾರಿ ತಿಳಿಯದೆ ರಿಮೋಟ್ ಕೆಳಗಿಟ್ಟಳು. ಅರ್ಧ ಪಾಸು.

ಒಂದೇ ಕೆಲಸದ ಕಂಪ್ಯೂಟರ್

ಇಲ್ಲಿ ಮೊಮ್ಮಗನಿಗೂ ನನಗೂ ಸಣ್ಣ ಜಗಳವಾಯಿತು. ಕೋಡಿಯನ್ನು ಇಡಲು ಎರಡು ದಾರಿ. ಮಿಂಟ್‌ನಂಥ ಪೂರ್ಣ ಲಿನಕ್ಸ್ ಹಾಕಿ ಅದರೊಳಗೊಂದು ಕೋಡಿ ಇಡಬಹುದು. ಇಲ್ಲವೇ ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್ ಹಾಕಬಹುದು. 2016ರಲ್ಲಿ ಶುರುವಾದ ಇದು ಕೋಡಿಯನ್ನು ನಡೆಸಲು ಎಷ್ಟು ಬೇಕೋ ಅಷ್ಟು ಮಾತ್ರ ಇಟ್ಟುಕೊಂಡಿದೆ. ಗುಂಡಿ ಒತ್ತಿದರೆ ನೇರವಾಗಿ ಕೋಡಿಯೇ ಎದುರು ನಿಲ್ಲುತ್ತದೆ.

“ಅದರಲ್ಲಿ ಹೋಮ್‌ವರ್ಕ್ ಬರೆಯೋಕಾಗಲ್ಲ ಅಜ್ಜ. ಮಿಂಟ್ ಆದ್ರೆ ಎಲ್ಲಾ ಮಾಡಬಹುದು” ಎಂದು ಅವನ ವಾದ. ಸುಳ್ಳಲ್ಲ. ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದು, ಅದೇ ಓದಿಗೂ ಟಿ.ವಿ.ಗೂ ಆಗಬೇಕಿದ್ದರೆ ಮಿಂಟ್ ದಾರಿಯೇ ಸರಿ. ಒಳಹೋಗುವ ಪರದೆಯಲ್ಲಿ ‘ಕೋಡಿ’ ಎಂದು ಆರಿಸಿಕೊಂಡರೆ ಅದು ನೇರವಾಗಿ ಕೋಡಿಗೇ ಒಯ್ಯುತ್ತದೆ. ಆದರೆ ಎಲ್ಲ ಮಾಡಬಲ್ಲ ಕಂಪ್ಯೂಟರ್ ಎಲ್ಲದರ ಬಗ್ಗೆಯೂ ಮಾತನಾಡುತ್ತದೆ. ಹೊಸ ಆವೃತ್ತಿ ಬಂದಿದೆ, ಪಾಸ್‌ವರ್ಡ್ ಕೊಡಿ, ಹೌದೋ ಅಲ್ಲವೋ ಎಂದು ಕೇಳುತ್ತಿರುತ್ತದೆ. ನಾವು ಉತ್ತರಿಸುತ್ತೇವೆ. ಅಜ್ಜಿ ಹೆದರಿ ಆರಿಸಿಬಿಡುತ್ತಾಳೆ.

ಕೊನೆಗೆ ಅವನೇ ಕೇಳಿದ, “ನಾವು ಊರಿಗೆ ಹೋದಮೇಲೆ ಇದು ಕೈಕೊಟ್ಟರೆ ಯಾರು ನೋಡ್ತಾರೆ?” ನಾನು ಸುಮ್ಮನಿದ್ದೆ. “ಸರಿ, ಲಿಬ್ರೆಎಲೆಕ್” ಅಂದ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇರುವವರೂ ಇದನ್ನೇ ಹಾಕಬಹುದು. ಓ.ಎಸ್.ಎಂ.ಸಿ. ಎಂಬ ಇನ್ನೊಂದು ಆಯ್ಕೆಯೂ ಇದೆ. ಅದು ಡೆಬಿಯನ್ ಎಂಬ ಲಿನಕ್ಸಿನ ಮೇಲೆ ಕೋಡಿಯನ್ನು ಕೂರಿಸಿದ ತಂತ್ರಾಂಶ. ಪೈ ಕೆಲವೇ ವಾಟ್ ವಿದ್ಯುತ್ತಿನಲ್ಲಿ ಸದ್ದಿಲ್ಲದೆ ನಡೆಯುತ್ತದೆ. ನಮ್ಮ ಹಳೆಯ ಡಬ್ಬದ ಫ್ಯಾನ್ ಗುಂಯ್ ಅನ್ನುತ್ತದೆ. ಅದಕ್ಕೆ ಹೊಸದು ಕೊಳ್ಳಲಿಲ್ಲ, ಧೂಳು ತೆಗೆದು ಟಿ.ವಿ.ಯ ಕೆಳಗಿನ ಗೂಡಿನಲ್ಲಿ ಗಾಳಿಯಾಡುವಂತೆ ಇಟ್ಟೆವು.

ಒಂದು ಗುಂಡಿಯ ದೂರದಲ್ಲಿ

ಈಗ ಹೇಳುವ ಮಾತನ್ನು ದಯವಿಟ್ಟು ಎರಡು ಸಲ ಓದಿ. ಲಿಬ್ರೆಎಲೆಕ್ಕನ್ನು ಕಂಪ್ಯೂಟರಿನ ಡಿಸ್ಕಿಗೆ ಹಾಕುವಾಗ ಅದು ಆ ಡಿಸ್ಕಿನಲ್ಲಿರುವ ಎಲ್ಲವನ್ನೂ ಅಳಿಸಿಹಾಕುತ್ತದೆ. ಅಳಿಸಲೇ ಎಂದು ಮೊದಲು ಕೇಳುತ್ತದೆ. ನಾವು ಹೂಂ ಅಂದರೆ ಮುಗಿಯಿತು.

ಮೊಮ್ಮಗನ ಬೆರಳು ಆ ‘ಹೂಂ’ ಮೇಲೆ ಇತ್ತು. ಆಗ ಮೊಮ್ಮಗಳು ಕೇಳಿದಳು, “ಅಜ್ಜ, ಮದುವೆ ವಿಡಿಯೊ ಎಲ್ಲಿದೆ?”

ಅದೇ ಡಿಸ್ಕಿನಲ್ಲಿತ್ತು. ಬೇರೆಲ್ಲೂ ಇರಲಿಲ್ಲ.

ಆ ಕ್ಷಣ ನನ್ನ ಕೈ ತಣ್ಣಗಾಯಿತು. ಅಡುಗೆಮನೆಯಿಂದ ಸಾಸಿವೆ ಸಿಡಿಯುವ ಸದ್ದು ಬರುತ್ತಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ. ಮೊಮ್ಮಗ ಮೆಲ್ಲಗೆ ಬೆರಳು ತೆಗೆದು ಕಂಪ್ಯೂಟರ್ ಆರಿಸಿದ. ಅವತ್ತು ಮುಂದಿನ ಕೆಲಸ ಮಾಡಲಿಲ್ಲ. ಮರುದಿನ ಪೇಟೆಗೆ ಹೋಗಿ ಹೊರಗಿನಿಂದ ಚುಚ್ಚುವ ಒಂದು ಹಾರ್ಡ್‌ಡಿಸ್ಕ್ ತಂದೆವು. ಮಿಂಟಿನ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಹಚ್ಚಿ ವಿಡಿಯೊವನ್ನು ಅದಕ್ಕೆ ನಕಲು ಮಾಡಿದೆವು. ಇನ್ನೊಂದು ನಕಲು ಬೇರೆ ಪೆನ್‌ಡ್ರೈವಿಗೆ. ಮೂರನೆಯದು ಬೆಂಗಳೂರಿನ ಮಗನಿಗೆ. ನಕಲು ಮಾಡಿದ್ದೇವೆಂದು ನಂಬಿ ಕೂರದೆ ಪ್ರತಿಯೊಂದನ್ನೂ ತೆರೆದು, ಅತ್ತೆಯವರ ಹಾಡು ಕೇಳಿ, ಆಮೇಲಷ್ಟೇ ‘ಹೂಂ’ ಅಂದೆವು.

ತಂತ್ರಾಂಶ ಯಾವುದೇ ಇರಲಿ, ಮನೆಯ ನೆನಪುಗಳು ಒಂದೇ ಜಾಗದಲ್ಲಿ ಇರಬಾರದು. ಮೂರು ನಕಲು ಇರಲಿ, ಒಂದಾದರೂ ಬೇರೆ ಊರಿನಲ್ಲಿರಲಿ.

ಟಿಕ್ಲಿ ಅಂಟಿಸಿದ ರಿಮೋಟ್

ಟಿ.ವಿ.ಗೂ ಕಂಪ್ಯೂಟರಿಗೂ ನಡುವೆ ಎಚ್‌.ಡಿ.ಎಂ.ಐ. ಕೇಬಲ್. ಚಿತ್ರವೂ ಸದ್ದೂ ಒಂದರಲ್ಲೇ ಹೋಗುತ್ತವೆ. ಇದೇ ಕೇಬಲ್ಲಿನಲ್ಲಿ ಸಿ.ಇ.ಸಿ. ಎಂಬ ಇನ್ನೊಂದು ಅನುಕೂಲವಿದೆ. ಟಿ.ವಿ.ಯ ರಿಮೋಟ್ ಒತ್ತಿದರೆ ಆ ಸುದ್ದಿ ಕೇಬಲ್ ಮೂಲಕ ಪಕ್ಕದ ಪೆಟ್ಟಿಗೆಗೂ ಮುಟ್ಟುತ್ತದೆ. ರಾಸ್ಪ್‌ಬೆರಿ ಪೈಗೆ ಈ ಭಾಷೆ ಗೊತ್ತು. ಸಾಮಾನ್ಯ ಕಂಪ್ಯೂಟರುಗಳಲ್ಲಿ ಹೆಚ್ಚಿನವಕ್ಕೆ ಗೊತ್ತಿಲ್ಲ. ಅದಕ್ಕಾಗಿ ನಾವು ಪುಟ್ಟ ಯು.ಎಸ್.ಬಿ. ತುಂಡಿನ ಜೊತೆ ಬರುವ ನಿಸ್ತಂತು ರಿಮೋಟ್ ತಂದೆವು. ಕಂಪ್ಯೂಟರ್ ಅದನ್ನು ಕೀಬೋರ್ಡ್ ಎಂದೇ ತಿಳಿಯುತ್ತದೆ. ಆಂಡ್ರಾಯ್ಡ್ ಫೋನನ್ನೇ ರಿಮೋಟ್ ಮಾಡುವ ಕೋರೆ ಎಂಬ ಆ್ಯಪನ್ನೂ ಕೋಡಿಯವರು ಕೊಡುತ್ತಾರೆ. ಮಕ್ಕಳಿಗೆ ಅದು ಚೆನ್ನ. ಅಜ್ಜಿಗೆ ಒತ್ತಿದ್ದು ಬೆರಳಿಗೆ ತಿಳಿಯುವ ಗುಂಡಿಯೇ ಬೇಕು.

ಆ ರಿಮೋಟಿನಲ್ಲೂ ಬೇಡದ ಗುಂಡಿಗಳು ಬೇಕಾದಷ್ಟು. ಮೊಮ್ಮಗಳು ಅಜ್ಜಿಯ ಟಿಕ್ಲಿ ಪಾಕೀಟು ತಂದಳು. ‘ಸರಿ’ ಗುಂಡಿಗೆ ಕೆಂಪು ಟಿಕ್ಲಿ, ‘ಹಿಂದೆ’ ಗುಂಡಿಗೆ ಹಸಿರು, ನಿಲ್ಲಿಸುವುದಕ್ಕೆ ಹಳದಿ. ಟಿ.ವಿ.ಯ ರಿಮೋಟಿನಲ್ಲಿ ಡಿಶ್‌ನಿಂದ ಕಂಪ್ಯೂಟರಿಗೆ ಬದಲಾಯಿಸುವ ಗುಂಡಿಗೆ ನೀಲಿ. ಉಳಿದ ಗುಂಡಿಗಳನ್ನು ಮರೆತುಬಿಡು ಅಂದಳು. ಕೀಬೋರ್ಡ್ ಬಳಸುವ ಮಕ್ಕಳಿಗೊಂದು ಗುಟ್ಟು: ಕೋಡಿಯಲ್ಲಿ ಸ್ಪೇಸ್ ಒತ್ತಿದರೆ ತಡೆದು ನಿಲ್ಲುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಹಿಂದೆ ಬರುತ್ತದೆ.

ಕಳೆಯುತ್ತ ಹೋದದ್ದು

ಇನ್ನುಳಿದದ್ದು ಉದ್ದದ ಪಟ್ಟಿ. ಕೋಡಿಯ ಮುಖಪುಟದಲ್ಲಿ ಬೇಡದ್ದನ್ನು ಮರೆಮಾಡುವ ಸೌಲಭ್ಯ ಸೆಟ್ಟಿಂಗಿನಲ್ಲಿದೆ. ಹವಾಮಾನ, ರೇಡಿಯೊ, ಟಿ.ವಿ. ಎಲ್ಲ ಮರೆಯಾದವು. ವಿಡಿಯೊ ಮಾತ್ರ ಉಳಿಯಿತು.

ಹೆಸರು ಓದುವ ಬದಲು ಚಿತ್ರ ನೋಡಿ ಆರಿಸುವಂತೆ ಮಾಡಿದ್ದು ಎಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬಂತು. ಪ್ರತಿ ಫೋಲ್ಡರಿನ ಒಳಗೆ ಒಂದು ಜೆಪಿಜಿ ಚಿತ್ರ ಇಟ್ಟು, ಅದಕ್ಕೆ ‘ಫೋಲ್ಡರ್’ ಎಂಬ ಇಂಗ್ಲಿಷ್ ಪದವನ್ನೇ ಸಣ್ಣಕ್ಷರದಲ್ಲಿ ಹೆಸರಾಗಿ ಕೊಟ್ಟರೆ, ಕೋಡಿ ಆ ಚಿತ್ರವನ್ನೇ ಫೋಲ್ಡರಿನ ಮುಖವಾಗಿ ತೋರಿಸುತ್ತದೆ. ಮದುವೆ ವಿಡಿಯೊಗೆ ಅತ್ತೆಯವರ ಫೋಟೊ ಇಟ್ಟೆವು. ಮೊಮ್ಮಕ್ಕಳ ಶಾಲೆಯ ವಾರ್ಷಿಕೋತ್ಸವಕ್ಕೆ ಅವರದೇ ಫೋಟೊ. ಯಕ್ಷಗಾನಕ್ಕೆ ಕಿರೀಟದ ಚಿತ್ರ. ಓದು ಬಾರದ ಪುಟ್ಟ ಮಕ್ಕಳಿಗೂ, ಕಣ್ಣು ಮಂಜಾದ ಹಿರಿಯರಿಗೂ ಇದೊಂದೇ ಉಪಾಯ ಸಾಕು. ಬಿಟ್ಟಲ್ಲಿಂದಲೇ ಮುಂದುವರಿಸುವುದನ್ನೂ ಕೋಡಿ ನೆನಪಿಟ್ಟುಕೊಳ್ಳುತ್ತದೆ. ಪ್ರತಿ ಸಲ ಕೇಳದೆ ಮುಂದುವರಿಸು ಎಂದು ಸೆಟ್ಟಿಂಗಿನಲ್ಲಿ ಒಮ್ಮೆ ಹೇಳಿಟ್ಟರಾಯಿತು.

ಪರದೆ ತುಂಬಲಿ ಎಂದು ಮೊಮ್ಮಗ ಚಿತ್ರವನ್ನು ಎಳೆದು ಅಗಲ ಮಾಡಿದ್ದ. ನೋಡಿದವಳೇ ಅಜ್ಜಿ, “ನಮ್ಮಮ್ಮ ಇಷ್ಟು ದಪ್ಪ ಇರಲಿಲ್ಲ ಕಣೋ!” ಅಂದಳು. ಹಳೆಯ ಕ್ಯಾಸೆಟ್ಟಿನ ಚಿತ್ರ 4:3 ಅಳತೆಯದು, ಅಂದರೆ ಹೆಚ್ಚುಕಡಿಮೆ ಚೌಕ. ಈಗಿನ ಟಿ.ವಿ. 16:9. ಎಳೆದರೆ ಎಲ್ಲರೂ ಊದಿಕೊಳ್ಳುತ್ತಾರೆ. ಎಡಬಲದಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ ಎಂದು ‘ಸಾಮಾನ್ಯ’ ಅಳತೆಗೆ ತಂದೆವು.

ಜನ ನಡೆದಾಗ ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳೂ ಕಾಣುತ್ತಿದ್ದವು. ಆ ಕಾಲದ ನಮ್ಮ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 25 ಪೂರ್ಣ ಚಿತ್ರ. ಪ್ರತಿ ಚಿತ್ರವೂ ಬೆಸ ಗೆರೆಗಳದೊಂದು, ಸರಿ ಗೆರೆಗಳದೊಂದು ಎಂದು ಎರಡು ಅರ್ಧವಾಗಿ ಬರುತ್ತಿತ್ತು. ಆ ಅರ್ಧಗಳನ್ನು ಹೊಂದಿಸಿ ಕೂಡಿಸುವ ‘ಡಿಇಂಟರ್‌ಲೇಸ್’ ಎಂಬ ಸೌಲಭ್ಯ ಕೋಡಿಯ ವಿಡಿಯೊ ಸೆಟ್ಟಿಂಗಿನಲ್ಲಿದೆ. ಅದನ್ನು ಹಾಕಿದ ಮೇಲೆ ಬಾಚಣಿಗೆ ಮಾಯವಾಯಿತು.

ಹೊಸ ಸಿನಿಮಾಗಳಲ್ಲಿ ಹಾಡು ಅಬ್ಬರಿಸಿ, ಮಾತು ಪಿಸುಗುಟ್ಟಿದಂತೆ ಕೇಳುತ್ತದೆಯೆಂದು ಹಿರಿಯರು ದೂರುವುದುಂಟು. ಕಿವಿಯ ತಪ್ಪೇ ಆಗಬೇಕೆಂದಿಲ್ಲ. ಆರು ದಾರಿಗಳಲ್ಲಿ ಬರುವ ಸದ್ದಿನಲ್ಲಿ ಮಾತೆಲ್ಲ ಹೆಚ್ಚಾಗಿ ನಡುವಿನ ಸ್ಪೀಕರಿಗೆ ಮೀಸಲು. ನಮ್ಮ ಟಿ.ವಿ.ಗೆ ಇರುವುದು ಎರಡೇ ಸ್ಪೀಕರ್. ಕೋಡಿಗೆ ‘2.0’ ಎಂದು ಹೇಳಿಟ್ಟರೆ ನಡುವಿನ ಮಾತನ್ನು ಎರಡಕ್ಕೂ ಹಂಚುತ್ತದೆ.

ಇದರಿಂದ ಆಗದ್ದು

ಎಲ್ಲವೂ ಆಗುತ್ತದೆಂದು ಹೇಳಿದರೆ ತಪ್ಪಾಗುತ್ತದೆ. ಹಣ ಕಟ್ಟಿ ನೋಡುವ ಕೆಲವು ಸಿನಿಮಾ ಸೇವೆಗಳು ಲಿನಕ್ಸ್ ಕಂಪ್ಯೂಟರಿಗೆ ತಮ್ಮ ಅತ್ಯುತ್ತಮ ಗುಣಮಟ್ಟದ ಚಿತ್ರ ಕೊಡುವುದಿಲ್ಲ. ಅವೇ ಮುಖ್ಯವಾದ ಮನೆಗೆ ಟಿ.ವಿ.ಯೊಳಗಿನ ಆ್ಯಪ್‌ಗಳೇ ವಾಸಿ. ಎಚ್.265 ಎಂಬ ಹೊಸ ಬಗೆಯಲ್ಲಿ ಮಡಚಿಟ್ಟ ದೊಡ್ಡ ವಿಡಿಯೊಗಳನ್ನು ಬಿಚ್ಚಲು ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಇನ್ನೊಂದು ಮಾತು, ಕೋಡಿಯ ಒಳಗೆ ಯಾವ ಸಿನಿಮಾವೂ ಇರುವುದಿಲ್ಲ. ಅದು ಖಾಲಿ ಕಪಾಟು. ನಮ್ಮದನ್ನು ನಾವೇ ಇಡಬೇಕು. ಎಲ್ಲ ಸಿನಿಮಾ ಪುಕ್ಕಟೆ ಎಂದು ಯಾರಾದರೂ ಪೆಟ್ಟಿಗೆ ಮಾರಲು ಬಂದರೆ ಅದು ಕದ್ದ ಮಾಲು ಎಂದೇ ತಿಳಿಯಿರಿ. ಮನೆಯ ಹಲವು ಟಿ.ವಿ., ಫೋನುಗಳಲ್ಲಿ ಒಂದೇ ಸಂಗ್ರಹ ನೋಡಬೇಕೆಂದರೆ 2018ರ ಕೊನೆಯಲ್ಲಿ ಹುಟ್ಟಿದ ಜೆಲ್ಲಿಫಿನ್ ಎಂಬ ಮುಕ್ತ ತಂತ್ರಾಂಶವಿದೆ. ಒಂದೇ ಟಿ.ವಿ. ಇರುವ ಮನೆಗೆ ಅದು ಬೇಕಿಲ್ಲ.

ನಮ್ಮೂರಲ್ಲಿ ಕರೆಂಟು ಹೇಳದೇ ಹೋಗುತ್ತದೆ. ಲಿಬ್ರೆಎಲೆಕ್ ತನ್ನ ಮೂಲಭಾಗವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿ ಇಟ್ಟುಕೊಳ್ಳುವುದರಿಂದ ಸುಲಭಕ್ಕೆ ಕೆಡದು. ಆದರೂ ಡಿಸ್ಕಿನ ಹಿತಕ್ಕಾಗಿ ಕಂಪ್ಯೂಟರನ್ನು ಇನ್ವರ್ಟರ್ ಸಾಲಿಗೆ ಹಾಕಿಸಿದೆ.

ರಜೆ ಮುಗಿಯುವ ಹಿಂದಿನ ದಿನ ಕೊನೆಯ ಪರೀಕ್ಷೆ. ಅಜ್ಜಿ ಡಬ್ಬದ ಗುಂಡಿ ಒತ್ತಿದಳು. ನೀಲಿ ಟಿಕ್ಲಿ, ಆಮೇಲೆ ಕೆಂಪು ಟಿಕ್ಲಿ. ಅಮ್ಮನ ಫೋಟೊದ ಮೇಲೆ ಇನ್ನೊಮ್ಮೆ ಕೆಂಪು. ಹಾಡು ಶುರುವಾಯಿತು. ನಾವು ನಿಯಮದಂತೆ ತುಟಿ ಬಿಚ್ಚಲಿಲ್ಲ. ಕುಕ್ಕರ್ ಕೂಗಿತು. ಅವಳು ಹಳದಿ ಟಿಕ್ಲಿ ಮುಟ್ಟಲಿಲ್ಲ. “ಯಾರಾದ್ರೂ ಒಲೆ ಆರಿಸಿ ಬನ್ರೋ” ಅಂದಳು. ಎರಡನೇ ಪ್ರಶ್ನೆಗೆ ಎಷ್ಟು ಅಂಕವೆಂದು ಮೊಮ್ಮಗಳು ತುಂಬ ಹೊತ್ತು ಯೋಚಿಸಿ, ಕೊನೆಗೆ ಪೂರ್ತಿ ಕೊಟ್ಟಳು.

ಅವರು ಹೋಗಿ ಮೂರು ವಾರವಾದ ಮೇಲೆ ಮೊಮ್ಮಗ ಫೋನ್ ಮಾಡಿದ. “ಅಜ್ಜಿ, ಲಿನಕ್ಸ್ ಹೇಗಿದೆ? ಸರಿಯಾಗಿ ನಡೀತಾ ಇದೆಯಾ?”

“ಯಾವುದೋ ಅದು?” ಅಂದಳು ಅವಳು. ನಿನ್ನೆ ಸಂಜೆ ಪಕ್ಕದ ಮನೆಯವರನ್ನು ಕರೆದು, ತಾನೇ ಟಿ.ವಿ. ಹಚ್ಚಿ, ಅಮ್ಮನ ಹಾಡು ಕೇಳಿಸಿದ್ದಳು. ಅದರ ಹಿಂದೆ ಒಂದು ಕಂಪ್ಯೂಟರ್ ಇದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಮೂರನೆಯ ರಿಮೋಟ್ ಮಾತ್ರ ಇನ್ನೂ ಟೀಪಾಯಿಯ ಮೇಲೆಯೇ ಇದೆ.